ಬ್ರೇಕ್ ಮೇಡಂಗೆ ಸಿಕ್ಕ ಹನ್ನೆರಡು ದಿನ

ನನ್ನ ಓರಗಿತ್ತಿ ಇಪ್ಪತ್ತಾರು ವರ್ಷ ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸಿದರು. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತದೆ. ಕಲಿಯುವವರು ಗಾಬರಿಬಿದ್ದು ಎಲ್ಲೋ ನುಗ್ಗಲು ಹೊರಟಾಗ ಕಲಿಸುವವರು ಅದನ್ನು ಒತ್ತಬೇಕು. ನಾನು ಅಕ್ಕ ಎಂದೇ ಕರೆಯುತ್ತಿದ್ದ ಅವರು ಅದನ್ನು ಎಷ್ಟು ಮೆತ್ತಗೆ ಒತ್ತುತ್ತಿದ್ದರೆಂದರೆ, ಗಾಡಿ ನಿಲ್ಲಿಸಿದ್ದು ತಾನೇ ಎಂದು ಕಲಿಯುವವರು ಬೀಗುತ್ತಿದ್ದರು. ಹಾಗೆ ಬಂದ ಹೆಸರು ಬ್ರೇಕ್ ಮೇಡಂ. ಅವರ ನಿಜವಾದ ಹೆಸರು ಗೊತ್ತಿದ್ದವರು ಬೀದಿಯಲ್ಲಿ ನಾಲ್ಕು ಜನ ಇದ್ದರೆ ಹೆಚ್ಚು.

ನನಗೆ ಅವರು ಬರೀ ಓರಗಿತ್ತಿ ಅಲ್ಲ. ಒಂಬತ್ತು ವರ್ಷದ ಹಿಂದೆ ನನ್ನ ಗಂಡ ತೀರಿಹೋದಾಗ, ಇನ್ನು ಈ ಮನೆಯಲ್ಲಿ ನನಗೇನು ಕೆಲಸ ಎಂದು ಪೆಟ್ಟಿಗೆ ಕಟ್ಟಿಟ್ಟಿದ್ದೆ. ಅಕ್ಕ ಬಂದು ಪೆಟ್ಟಿಗೆಯ ಮೇಲೆ ಕೂತುಬಿಟ್ಟರು. "ನೀನು ಹೋದ್ರೆ ನಿಮ್ಮ ಭಾವನ ಜೊತೆ ಮಾತಾಡೋರು ಯಾರು? ಅವರು ಬಾಯಿ ಬಿಟ್ರೆ ಮುತ್ತು ಉದುರುತ್ತೆ ಅಂದ್ಕೊಂಡಿದ್ದಾರೆ. ನಾನೊಬ್ಬಳೇ ಎಷ್ಟೂಂತ ಗೋಡೆ ಹತ್ತಿರ ಮಾತಾಡ್ಲಿ?" ಎಂದರು. ನಾನು ಮಹಡಿಯ ಕೋಣೆಯಲ್ಲೇ ಉಳಿದೆ. ಭಾವನದು ಲಿಫ್ಟ್ ರಿಪೇರಿ ಕೆಲಸ. ನನ್ನದು ಶಾಲೆಯ ಲೈಬ್ರರಿ. ಅವರಿಬ್ಬರಿಗೆ ಮಕ್ಕಳಿರಲಿಲ್ಲ, ನನಗೂ ಇರಲಿಲ್ಲ. ಸಂಜೆ ಮೂವರೂ ಒಂದೇ ಮೇಜಿಗೆ ಕೂತು ಉಣ್ಣುತ್ತಿದ್ದೆವು. ಮಾತೆಲ್ಲ ಅಕ್ಕನದು.

ಅವರ ಕಣ್ಣು ಹಳದಿಯಾದದ್ದನ್ನು ಮೊದಲು ಕಂಡದ್ದು ಮನೆಯವರಾದ ನಾವಲ್ಲ, ಅವರ ಹತ್ತಿರ ಕಾರು ಕಲಿಯುತ್ತಿದ್ದ ಕ್ಷೌರಿಕ. ಅರವತ್ತೊಂದು ವರ್ಷದ ಆಸಾಮಿ. ಲೈಸೆನ್ಸ್ ಪರೀಕ್ಷೆಯಲ್ಲಿ ಆಗಲೇ ನಾಲ್ಕು ಸಲ ಡುಮ್ಕಿ ಹೊಡೆದಿದ್ದ. ಎಂಟರ ಆಕಾರದಲ್ಲಿ ಹಿಂದಕ್ಕೆ ಬಿಡಿ ಎಂದರೆ ಅವನ ಕಾರು ಸೊನ್ನೆ ಬರೆಯುತ್ತಿತ್ತು. ಆದರೆ ಮೂವತ್ತೈದು ವರ್ಷ ಕನ್ನಡಿಯಲ್ಲಿ ಮುಖ ನೋಡುತ್ತ ಬಂದವನು. ಆ ದಿನ ಹಿಂದಿನ ಗಾಡಿ ನೋಡುವ ಕನ್ನಡಿಯನ್ನು ಸರಿಮಾಡಿಕೊಳ್ಳಲು ಹೋಗಿ, ಅದರಲ್ಲಿ ಅಕ್ಕನ ಕಣ್ಣು ಕಂಡು ಕೈ ತಡೆದನಂತೆ.

"ಮೇಡಂ, ನಿಮ್ಮ ಕಣ್ಣು ಹಳದಿ ಆಗಿದೆ."

"ಕಾಮಾಲೆ ಕಣ್ಣಿಗೆ ಕಾಣೋದೆಲ್ಲ ಹಳದಿ ಅಂತಾರಲ್ಲ, ನಿಮ್ದೇ ತೋರಿಸ್ಕೊಳ್ಳಿ. ಈಗ ಸಿಗ್ನಲ್ ಬಣ್ಣ ಯಾವ್ದು ಅದು ಹೇಳಿ."

"ಅದು ಹಸಿರು ಮೇಡಂ. ನಿಮ್ಮ ಕಣ್ಣು ಮಾತ್ರ ಹಳದಿ."

ಅಕ್ಕ ಮನೆಗೆ ಬಂದು ಇದನ್ನು ನಗೆಚಾಟಿಕೆಯಾಗಿ ಹೇಳಿದರು. ನಾನು ಕಿಟಕಿಯ ಹತ್ತಿರ ಕರೆದುಕೊಂಡು ಹೋಗಿ ರೆಪ್ಪೆ ಎತ್ತಿ ನೋಡಿದೆ. ಅವನ ಮಾತು ನಿಜವಾಗಿತ್ತು. ಆಗ ಒಂದೊಂದೇ ಹೊರಬಂತು. ಮೂರು ವಾರದಿಂದ ಮೈಯೆಲ್ಲ ತುರಿಕೆ. ಸೋಪು ಬದಲಾಯಿಸಿದ್ದಕ್ಕೆ ಎಂದುಕೊಂಡಿದ್ದರು. ಮೂತ್ರ ಕಡುಗಂದು, ನೀರು ಕಡಿಮೆ ಕುಡಿದದ್ದಕ್ಕೆ ಎಂದುಕೊಂಡಿದ್ದರು. ಲಂಗದ ದಾರ ಎರಡು ಸಲ ಬಿಗಿ ಮಾಡಿದ್ದರು, ಅದಕ್ಕೆ ಸಂತೋಷಪಟ್ಟಿದ್ದರು. ನೋವು ಮಾತ್ರ ಎಲ್ಲೂ ಇರಲಿಲ್ಲ. ನೋವಿದ್ದರೆ ಯಾರಾದರೂ ಎಚ್ಚರವಾಗುತ್ತಿದ್ದರು.

ದೊಡ್ಡಾಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು. ಶಸ್ತ್ರಚಿಕಿತ್ಸೆಯ ಡಾಕ್ಟರು ನಲವತ್ತು ದಾಟಿದ ಹೆಂಗಸು, ಮೆಲುದನಿ. ಒಂದು ಕಾಗದದ ಮೇಲೆ ಚಿತ್ರ ಬರೆದು ನಮ್ಮ ಮೂವರಿಗೂ ತೋರಿಸಿದರು. ಹೊಟ್ಟೆಯ ಹಿಂದೆ ಅಡ್ಡಲಾಗಿ ಮಲಗಿದ ಮೇದೋಜೀರಕ ಗ್ರಂಥಿ. ಅದರ ತಲೆಯಲ್ಲಿ ಒಂದು ಗಡ್ಡೆ. ಲಿವರಿನಿಂದ ಕರುಳಿಗೆ ಪಿತ್ತ ಹರಿಯುವ ನಾಳ ಆ ತಲೆಯನ್ನು ಹಾದೇ ಹೋಗಬೇಕು. ಗಡ್ಡೆ ಅದನ್ನು ಹಿಸುಕಿ ಹಿಡಿದಿದೆ. ಹರಿಯಲು ದಾರಿಯಿಲ್ಲದ ಪಿತ್ತ ರಕ್ತಕ್ಕೆ ಸೇರಿ ಮೈ ಹಳದಿ ಮಾಡಿದೆ, ತುರಿಕೆ ಎಬ್ಬಿಸಿದೆ.

"ಗಡ್ಡೆ ಕ್ಯಾನ್ಸರ್ರೇ. ಆದ್ರೆ ತೆಗೆಯೋ ಸ್ಥಿತಿಯಲ್ಲಿದೆ. ಹತ್ತು ಜನರಲ್ಲಿ ಇಬ್ಬರಿಗೆ ಸಿಗೋ ಅವಕಾಶ ಇದು" ಎಂದರು ಡಾಕ್ಟರು.

ಆಮೇಲೆ ಅವರು ಹೇಳಿದ್ದನ್ನು ನಾನು ಈಗಲೂ ಅಕ್ಷರ ತಪ್ಪದೆ ಒಪ್ಪಿಸಬಲ್ಲೆ. "ಎರಡು ದಾರಿ ಇದೆ. ಇನ್ನೊಬ್ಬರ ಆಪರೇಷನ್ ಮುಂದಕ್ಕೆ ಹೋಗಿರೋದ್ರಿಂದ ಈ ಗುರುವಾರ ಜಾಗ ಖಾಲಿ ಇದೆ. ಹಳದಿ ಇದ್ದಂತೆಯೇ ನೇರವಾಗಿ ಮಾಡ್ಬಹುದು. ರಕ್ತದಲ್ಲಿ ಪಿತ್ತದ ಅಂಶ ಇವರದು ಹನ್ನೊಂದಿದೆ. ಜಾಸ್ತಿನೇ, ಆದ್ರೆ ಮಾಡಬಾರದು ಅನ್ನೋಷ್ಟಲ್ಲ. ಇಲ್ಲಾಂದ್ರೆ ಬಾಯಿಂದ ಕ್ಯಾಮೆರಾ ಇಳಿಸಿ ಆ ನಾಳಕ್ಕೆ ಒಂದು ಸಣ್ಣ ಕೊಳವೆ ಇಟ್ಟು ಪಿತ್ತ ಹರಿಯೋ ಹಾಗೆ ಮಾಡ್ತೀವಿ. ಹಳದಿ ಇಳಿಯುತ್ತೆ, ತುರಿಕೆ ಹೋಗುತ್ತೆ, ನಾಲ್ಕು ವಾರದ ಮೇಲೆ ಆಪರೇಷನ್. ಆದ್ರೆ ಕೊಳವೆ ಕಟ್ಟಿಕೊಂಡ್ರೆ ಸೋಂಕು ಆಗ್ಬಹುದು. ನಾನಾಗಿದ್ರೆ ಗುರುವಾರ ಅಂತೀನಿ. ಆದ್ರೆ ಇವರ ಸಕ್ಕರೆ ಏರಿದೆ, ಒಂಬತ್ತು ಕಿಲೋ ಇಳಿದಿದ್ದಾರೆ. ಸ್ವಲ್ಪ ಸುಧಾರಿಸಿಕೊಳ್ಳಲಿ ಅಂತ ನೀವಂದ್ರೆ ಅದೂ ತಪ್ಪಲ್ಲ. ಸಂಜೆಯೊಳಗೆ ಹೇಳಿ."

ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಮೂವರೂ ಕೂತೆವು. ಅಕ್ಕ ಮೇಜಿನ ಅಂಚಿಗೆ ಮೊಣಕೈ ಉಜ್ಜುತ್ತಿದ್ದರು. ತೋಳಿನ ತುಂಬ ಉಗುರಿನ ಗೀರು. ಕೆಲವು ಕಡೆ ರಕ್ತ ಒಣಗಿತ್ತು. ಮೂರು ವಾರದಿಂದ ಅವರು ಸರಿಯಾಗಿ ನಿದ್ದೆ ಮಾಡಿರಲಿಲ್ಲ.

"ನಂಗೆ ಯೋಚ್ನೆ ಮಾಡೋಕಾಗ್ತಿಲ್ಲ. ತುರಿಕೆ ನಿಲ್ಲೋದು ಯಾವ್ದರಲ್ಲಿ ಬೇಗ?" ಎಂದರು.

"ಎಂಟು ಗಂಟೆ ಕೊಯ್ತಾರಂತೆ. ಈ ಮೈ ತಡೆಯುತ್ತಾ?" ಎಂದರು ಭಾವ. ಅಷ್ಟು ಹೇಳಿ ನನ್ನ ಮುಖ ನೋಡಿದರು. ಮನೆಯಲ್ಲಿ ನಾಲ್ಕಕ್ಷರ ಓದಿದವಳು ನಾನು. ಗ್ಯಾಸ್ ಪುಸ್ತಕದಿಂದ ಹಿಡಿದು ವಿಮೆಯ ಕಾಗದದವರೆಗೆ ಎಲ್ಲದಕ್ಕೂ ನನ್ನ ಮುಖವನ್ನೇ ನೋಡುವುದು ರೂಢಿ.

"ಮೊದಲು ಹಳದಿ ಇಳೀಲಿ" ಎಂದೆ. "ಅಷ್ಟು ದೊಡ್ಡ ಆಪರೇಷನ್ನಿಗೆ ಮೈಯಲ್ಲಿ ಶಕ್ತಿ ಬೇಡ್ವಾ? ಒಂದು ತಿಂಗಳು ಉಂಡು, ನಿದ್ದೆ ಮಾಡಿ ಗಟ್ಟಿಯಾಗಲಿ."

ಅಕ್ಕ ಅರ್ಧ ಲೋಟ ಚಹಾ ಬಿಟ್ಟು ಎದ್ದರು. ಹೀಗೆ ತೀರ್ಮಾನವಾಯಿತು.

ಕೊಳವೆ ಇಟ್ಟ ಮೂರನೆಯ ದಿನಕ್ಕೆ ತುರಿಕೆ ಮಂಗಮಾಯ. ವಾರದೊಳಗೆ ಕಣ್ಣಿನ ಬಿಳುಪು ತಿರುಗಿ ಬಂತು. ಅಕ್ಕ ಹಗಲು ಹೊತ್ತಿನಲ್ಲೇ ಗೊರಕೆ ಹೊಡೆದು ಮಲಗಿದರು, ಎದ್ದು ಎರಡು ತಟ್ಟೆ ಊಟ ಮಾಡಿದರು. ಭಾವ ಅವರ ತಟ್ಟೆ ನೋಡುತ್ತ ಕೂತಿರುತ್ತಿದ್ದರು. ಒಂದು ದಿನ ತಾವಾಗಿಯೇ ಬಾಯಿಬಿಟ್ಟು, "ಇವತ್ತು ಕೆಲಸದಲ್ಲಿ ಒಂದು ಬೆಕ್ಕು ಲಿಫ್ಟಿನಲ್ಲಿ ಸಿಕ್ಕಿಹಾಕ್ಕೊಂಡಿತ್ತು" ಎಂದು ಕತೆ ಹೇಳಿದರು. ಆರನೆಯ ಮಹಡಿಯ ಮುದುಕಿಯ ಬೆಕ್ಕು. ಹೊರಬರಲು ಒಪ್ಪದೆ ಇವರ ಟೂಲ್ ಚೀಲದಲ್ಲಿ ಹೋಗಿ ಕೂತಿತಂತೆ. ಅಕ್ಕ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡರು. "ಬೆಕ್ಕು ಸಿಕ್ಕಿಕೊಂಡ್ರೆ ಇವರ ಬಾಯಿ ಬಿಚ್ಚುತ್ತೆ ಅಂತ ಗೊತ್ತಿದ್ದಿದ್ರೆ ಮದುವೆಯಾದ ವರ್ಷವೇ ಒಂದು ಬೆಕ್ಕು ತರ್ತಿದ್ದೆ!"

ಡಾಕ್ಟರನ್ನು ಕೇಳಿ, ದಿನಕ್ಕೆ ಒಂದು ಗಂಟೆ ಕೆಲಸಕ್ಕೂ ಹೋದರು. ಹೋದದ್ದು ಆ ಕ್ಷೌರಿಕನಿಗಾಗಿ. "ನಾನು ಆಪರೇಷನ್ನಿಗೆ ಮಲಗೋ ಮುಂಚೆ ಅವರ ಸೊನ್ನೆ ಎಂಟಾಗ್ಬೇಕು" ಎಂದರು. ಹನ್ನೊಂದನೆಯ ದಿನ ಅವನು ಪಾಸಾದ. ನಮ್ಮ ಬಾಗಿಲಿಗೆ ಬಂದವನು ಅಕ್ಕನ ಕೈ ಹಿಡಿದು ಅಲುಗಿಸುತ್ತ ನಿಂತಿದ್ದ. ನಾನು ಮಹಡಿಯ ಮೆಟ್ಟಿಲ ಮೇಲೆ ನಿಂತು, ನನ್ನ ಬುದ್ಧಿಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ. ಸುಳ್ಳೇಕೆ ಹೇಳಲಿ, ಹೇಳಿಕೊಂಡೆ.

ಹದಿಮೂರನೆಯ ದಿನ ಬೆಳಿಗ್ಗೆ ಅಕ್ಕ ಕನ್ನಡಿಯ ಮುಂದೆ ತಲೆ ಬಾಚುತ್ತಿದ್ದರು. ಬಾಚಣಿಗೆ ಕೈಯಿಂದ ಬಿತ್ತು. ಎತ್ತಿಕೊಳ್ಳಲು ಬಗ್ಗಿದವರು ಅಲ್ಲೇ ಕುಸಿದರು. ಹಲ್ಲು ಕಟಕಟ ಎನ್ನುವಂಥ ಚಳಿ. ಎರಡು ಕಂಬಳಿ ಹೊದಿಸಿದರೂ ಮಂಚ ಅಲುಗುತ್ತಿತ್ತು. ಆಸ್ಪತ್ರೆ ತಲುಪುವಷ್ಟರಲ್ಲಿ ಜ್ವರ ನೂರನಾಲ್ಕು, ಕಣ್ಣು ಮತ್ತೆ ಹಳದಿ, ಮಾತು ತೊದಲು. ನನ್ನನ್ನು ನೋಡಿ, "ಕ್ಲಚ್ ಬಿಡು, ನಿಧಾನಕ್ಕೆ ಬಿಡು" ಎನ್ನುತ್ತಿದ್ದರು.

ಕೊಳವೆ ಕಟ್ಟಿಕೊಂಡಿತ್ತು. ನಿಂತ ಪಿತ್ತದಲ್ಲಿ ಸೋಂಕು ಹುಟ್ಟಿ ರಕ್ತಕ್ಕೆ ಹತ್ತಿತ್ತು. ಮತ್ತೆ ಕ್ಯಾಮೆರಾ ಇಳಿಸಿ ಕೊಳವೆ ಬದಲಾಯಿಸಲು ನೋಡಿದರು. ಅದು ಕೂರಲಿಲ್ಲ, ಆ ತಡಕಾಟಕ್ಕೆ ಮೇದೋಜೀರಕ ಗ್ರಂಥಿಯೇ ಊದಿಕೊಂಡಿತು. ಬಲಗಡೆ ಪಕ್ಕೆಯ ಸಂದಿಯಿಂದ ಸೂಜಿ ಹಾಯಿಸಿ ಲಿವರಿನೊಳಕ್ಕೆ ಒಂದು ನಳಿಕೆ ಇಳಿಸಿ, ಪಿತ್ತವನ್ನು ಹೊರಗೆ ಒಂದು ಚೀಲಕ್ಕೆ ಹರಿಯಬಿಟ್ಟರು. ಹದಿನೇಳು ದಿನ ತೀವ್ರ ನಿಗಾ ಘಟಕ. ನಾಲ್ಕು ವಾರಕ್ಕೆ ಗೊತ್ತುಮಾಡಿದ್ದ ಆಪರೇಷನ್ನಿನ ದಿನ ಬಂದಾಗ ಅಕ್ಕನಿಗೆ ಹಾಸಿಗೆಯಲ್ಲಿ ಮಗ್ಗುಲಾಗಲೂ ಇಬ್ಬರು ಬೇಕಿತ್ತು.

ಭಾವ ಹೊರಗೆ ಕಬ್ಬಿಣದ ಕುರ್ಚಿಯ ಮೇಲೆ ಕೂತಿರುತ್ತಿದ್ದರು. ಎದುರಿಗೆ ರೋಗಿಗಳ ಲಿಫ್ಟು. ಅದು ಬಂದು ನಿಂತಾಗಲೆಲ್ಲ ತಲೆ ವಾರೆ ಮಾಡಿ ಕೇಳುತ್ತಿದ್ದರು. "ಇದರ ಬೇರಿಂಗು ಹೋಗಿದೆ. ಯಾರೂ ನೋಡ್ತಿಲ್ಲ" ಎಂದು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಮನೆಯಲ್ಲಿ ಯಾವುದಾದರೂ ಕೆಟ್ಟರೆ ಬಿಚ್ಚಿ ನೋಡಿ ಸರಿಮಾಡಿ ಗೊತ್ತಿದ್ದ ಮನುಷ್ಯ. ಇಲ್ಲಿ ಆ ಲಿಫ್ಟನ್ನೂ ಮುಟ್ಟುವ ಹಾಗಿರಲಿಲ್ಲ.

ಸೋಂಕು ತಗ್ಗಿ, ಅಕ್ಕ ಗೋಡೆ ಹಿಡಿದು ನಡೆಯುವ ಹೊತ್ತಿಗೆ ಎರಡೂವರೆ ತಿಂಗಳು ಕಳೆದಿತ್ತು. ಹೊಸ ಸ್ಕ್ಯಾನಿನಲ್ಲಿ ಗಡ್ಡೆ ಕೊಂಚ ದೊಡ್ಡದಾಗಿತ್ತು. ಬೇರೆಲ್ಲೂ ಹರಡಿದ್ದು ಕಾಣಲಿಲ್ಲ. ಡಾಕ್ಟರು ಆಪರೇಷನ್ ಮಾಡಿಯೇ ನೋಡೋಣ ಎಂದರು. ಎಂಟು ಗಂಟೆ ಹಿಡಿಯುತ್ತದೆ, ಊಟ ಮಾಡಿಕೊಂಡು ಬನ್ನಿ ಎಂದು ನರ್ಸು ನಮಗೆ ಹೇಳಿದಳು. ನಾವು ಹೋಗಲಿಲ್ಲ.

ಒಂದೂಮುಕ್ಕಾಲು ಗಂಟೆಗೇ ಬಾಗಿಲು ತೆರೆದು ಡಾಕ್ಟರು ಬಂದರು. ಭಾವ ದಡಕ್ಕನೆ ಎದ್ದರು. ಅವರ ಮುಖದಲ್ಲಿ ಆವತ್ತು ಮೂಡಿದ ನಗು ನಾನು ಅವರ ಮದುವೆಯ ಫೋಟೋದಲ್ಲೂ ಕಂಡಿರಲಿಲ್ಲ.

"ಇಷ್ಟು ಬೇಗ ಮುಗೀತಾ ಡಾಕ್ಟ್ರೇ?"

ಡಾಕ್ಟರು ನನ್ನನ್ನು ನೋಡಿದರು. ನನಗೆ ಅರ್ಥವಾಯಿತು. ಭಾವನಿಗೆ ಆಗಲಿಲ್ಲ. ಹಾಗಾಗಿ ಅವರು ಬಿಡಿಸಿ ಹೇಳಬೇಕಾಯಿತು. ಲಿವರಿನ ಮೇಲೆ ಸಾಸಿವೆಕಾಳಿನಷ್ಟು ಬಿಳಿ ಚುಕ್ಕೆಗಳಿದ್ದವು, ಏಳೆಂಟು. ಸ್ಕ್ಯಾನಿಗೆ ಸಿಗದಷ್ಟು ಚಿಕ್ಕವು. ಹರಡಿದ ಮೇಲೆ ಗಡ್ಡೆ ತೆಗೆದು ಪ್ರಯೋಜನವಿಲ್ಲ. ಹಾಗೇ ಮುಚ್ಚಿದೆವು ಎಂದರು.

"ಮುಚ್ಚಿದ್ರಿ ಅಂದ್ರೆ? ತೆಗೀಲೇ ಇಲ್ವಾ?" ಎಂದರು ಭಾವ. ನಗು ಇನ್ನೂ ಪೂರ್ತಿ ಆರಿರಲಿಲ್ಲ. ಹಾಗೆಯೇ ಕುರ್ಚಿಯ ಮೇಲೆ ಕೂತರು.

ನಾನು ಡಾಕ್ಟರ ಹಿಂದೆಯೇ ಕಾರಿಡಾರಿನ ಕೊನೆಯವರೆಗೆ ಹೋದೆ. "ಆ ಗುರುವಾರವೇ ಮಾಡಿದ್ರೆ?" ಎಂದು ಕೇಳಿದೆ.

ಅವರು ಟೋಪಿ ತೆಗೆದು ಕೈಯಲ್ಲಿ ಮುದುರಿದರು. "ಆವತ್ತೇ ಈ ಚುಕ್ಕೆಗಳು ಇದ್ವೋ ಇಲ್ವೋ ಹೇಳೋಕಾಗಲ್ಲ. ಇದ್ದಿರಬಹುದು. ಇರದೆಯೂ ಇದ್ದಿರಬಹುದು. ಕೊಳವೆ ಇಟ್ಟು ತೊಂದರೆಯಿಲ್ಲದೆ ಆಪರೇಷನ್ ಆದವರು ಬೇಕಾದಷ್ಟು ಜನ ಇದ್ದಾರೆ. ಇದನ್ನ ನೀವು ತಲೆಗೆ ಹಚ್ಚಿಕೊಳ್ಳಬೇಡಿ."

ತಪ್ಪು ನಿಮ್ಮದೇ ಎಂದಿದ್ದರೆ ಅತ್ತು ಹಗುರಾಗುತ್ತಿದ್ದೆನೇನೋ. ನಿಮ್ಮದಲ್ಲವೇ ಅಲ್ಲ ಎಂದಿದ್ದರೂ ನಡೆಯುತ್ತಿತ್ತು. ಅವರು ಎರಡನ್ನೂ ಹೇಳಲಿಲ್ಲ. ನಂಟರಿಷ್ಟರು ಬಂದು, ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ಗಾದೆ ಹೇಳಿ ಕಾಫಿ ಕುಡಿದು ಹೋದರು. ಮಿಂಚಿಹೋಗುವ ಮೊದಲು ನನ್ನ ಕೈಯಲ್ಲಿತ್ತು ಎಂಬುದು ಅವರಿಗೆ ಗೊತ್ತಿರಲಿಲ್ಲ.

ಅಕ್ಕ ಪಕ್ಕೆಯ ನಳಿಕೆ ಮತ್ತು ಚೀಲದ ಜೊತೆ ಮನೆಗೆ ಬಂದರು. ಕೆಳಗಿನ ಕೋಣೆಯ ಕಿಟಕಿಗೆ ಮಂಚ ಸರಿಸಿದೆವು. ದಿನಕ್ಕೆರಡು ಸಲ ಚೀಲ ಖಾಲಿ ಮಾಡಿ, ಎಷ್ಟು ಬಂತೆಂದು ಗೆರೆ ನೋಡಿ ಬರೆದಿಡುವುದು ನನ್ನ ಕೆಲಸ. ನಳಿಕೆಯೊಳಕ್ಕೆ ಉಪ್ಪುನೀರಿನ ಸಿರಿಂಜು ಒತ್ತುವುದು ಭಾವನ ಕೆಲಸ. ಒಂದು ಹನಿ ಹೊರಗೆ ಚೆಲ್ಲುತ್ತಿರಲಿಲ್ಲ. ಒತ್ತಿ ಮುಗಿಸಿ, ಅಕ್ಕನ ಪಾದ ಹೊದಿಕೆಯೊಳಗೆ ಸೇರಿಸಿ ಹೋಗುತ್ತಿದ್ದರು.

ಕ್ಷೌರಿಕ ಎರಡು ವಾರಕ್ಕೊಮ್ಮೆ ಬರುತ್ತಿದ್ದ. ಕೀಮೋ ಔಷಧಿಯನ್ನು ಅಕ್ಕನ ಮೈ ಎರಡೇ ಸಲ ತಡೆದದ್ದು. ಅಷ್ಟಕ್ಕೇ ಕೂದಲು ತುಂಡು ತುಂಡಾಗಿ ಉದುರಿತ್ತು. ಉಳಿದದ್ದನ್ನು ಅವನು ನೀಟಾಗಿ ಕತ್ತರಿಸಿ, ಕತ್ತಿನ ಹಿಂದೆ ಬ್ರಶ್ಶಿನಿಂದ ಸವರಿ, ಕೈಗನ್ನಡಿ ಹಿಡಿಯದೆ ಹೋಗುತ್ತಿದ್ದ. ಅವನು ತನ್ನ ಹಳೆಯ ಕಾರನ್ನು ಕಿಟಕಿಯ ಎದುರು ನಿಲ್ಲಿಸುವಾಗ ಅಕ್ಕ ಕಣ್ಣು ಬಿಟ್ಟು ನೋಡುತ್ತಿದ್ದರು.

"ಚರಂಡಿಗೆ ಒಂದು ಗೇಣು ಬಿಟ್ಟಿದ್ದೀರಿ. ಪರವಾಗಿಲ್ಲ. ಹ್ಯಾಂಡ್ ಬ್ರೇಕ್ ಹಾಕಿದ್ರಾ?"

"ಹಾಕಿದೀನಿ ಮೇಡಂ."

"ಸದ್ದು ಕೇಳಿಸ್ಲಿಲ್ಲ."

ಅವನು ಹೋಗಿ ಮತ್ತೊಮ್ಮೆ ಹಾಕಿ ಬರುತ್ತಿದ್ದ.

ನಾನು ಎರಡು ತಿಂಗಳು ಬಾಯಿ ಹೊಲಿದುಕೊಂಡಿದ್ದೆ. ಒಂದು ಮಧ್ಯಾಹ್ನ ಚೀಲ ಬದಲಾಯಿಸುವಾಗ ತಡೆಯದೆ ಆಡಿಬಿಟ್ಟೆ. "ಅಕ್ಕಾ, ಆವತ್ತು ಗುರುವಾರ ಬೇಡ ಅಂದವಳು ನಾನು. ನಾನು ಸುಮ್ಮನಿದ್ದಿದ್ರೆ..."

ಅವರು ಸೂರು ನೋಡುತ್ತಿದ್ದರು. ಕೆನ್ನೆ ಒಳಗೆ ಹೋಗಿ ಹಲ್ಲು ದೊಡ್ಡದಾಗಿ ಕಾಣುತ್ತಿದ್ದವು. ಹೋಗಲಿ ಬಿಡೇ ಹುಚ್ಚಿ ಎನ್ನುತ್ತಾರೆ ಎಂದು ನಾನು ಕಾದೆ. ನಾನು ಆ ಮಾತು ಕೇಳಲೆಂದೇ ಬಾಯಿಬಿಟ್ಟಿದ್ದೆ.

"ನಂಗೂ ಅದೇ ಯೋಚ್ನೆ" ಎಂದರು. "ದಿನಾ ಬರುತ್ತೆ. ಗುರುವಾರ ಅಂದಿದ್ರೆ ಏನಾಗ್ತಿತ್ತು ಅಂತ. ನೀನು ಹೇಳಿದ್ದು ನನ್ನ ಒಳ್ಳೇದಕ್ಕೇ, ಅದು ಗೊತ್ತು. ಆದ್ರೆ ಯೋಚ್ನೆ ಬರೋದು ನಿಲ್ಲಲ್ಲ."

ನಾನು ಹೊಸ ಚೀಲವನ್ನು ನಳಿಕೆಗೆ ಸಿಕ್ಕಿಸಿ, ತುಂಬಿದ್ದನ್ನು ಕೆಳಗಿಟ್ಟೆ.

"ಆ ಹನ್ನೆರಡು ದಿನ ನಾನು ಚೆನ್ನಾಗಿದ್ದೆ, ಅಲ್ವಾ?" ಎಂದರು ಅಕ್ಕ.

"ತುಂಬಾ ಚೆನ್ನಾಗಿದ್ರಿ ಅಕ್ಕಾ."

"ಅದಕ್ಕೇ ಈಗ ಜಾಸ್ತಿ ಸಂಕಟ. ಇನ್ನೊಂದು ಸಲ ನನ್ನ ಕೇಳ್ಬೇಡ. ಉತ್ತರ ಹೇಳೋಕೆ ತ್ರಾಣ ಇಲ್ಲ."

ನಾನು ಮತ್ತೆ ಕೇಳಲಿಲ್ಲ. ಅವರೂ ಎತ್ತಲಿಲ್ಲ. ಕೊನೆಯವರೆಗೂ ನನ್ನ ಮೇಲೆ ಮುನಿಸು ತೋರಿಸಲಿಲ್ಲ. ನನ್ನ ಕೈಯಿಂದಲೇ ಗಂಜಿ ಕುಡಿದರು, ನನ್ನ ಹೆಗಲಿಗೇ ತಲೆ ಒರಗಿಸಿ ಕೂತರು. ಆದರೆ ಹೋಗಲಿ ಬಿಡು ಎಂಬ ಎರಡು ಮಾತು ಬರಲೇ ಇಲ್ಲ. ಅವರಿಗೆ ಅನ್ನಿಸದ್ದನ್ನು ಅವರು ಯಾವತ್ತೂ ಆಡಿದವರಲ್ಲ. ನನ್ನ ಸಮಾಧಾನಕ್ಕೆಂದು ಸಾಯುವಾಗ ಕಲಿಯಲಿ ಎನ್ನುವುದು ಯಾವ ನ್ಯಾಯ?

ಕೊನೆಯ ಎರಡು ವಾರ ನೋವಿನ ಔಷಧಿಯ ಮಂಪರಿನಲ್ಲೇ ಕಳೆಯಿತು. ನಳಿಕೆಯಿಂದ ಬರುವ ಪಿತ್ತ ಕಡಿಮೆಯಾಗುತ್ತ ಬಂತು. ಕೊನೆಗೆ ಚೀಲದಲ್ಲಿ ಒಂದು ಚಮಚದಷ್ಟೂ ಇರುತ್ತಿರಲಿಲ್ಲ. ಮೈಬಣ್ಣ ಹಳದಿ ದಾಟಿ ಹಸಿರುಗಪ್ಪಾಯಿತು. ಒಂದು ಭಾನುವಾರ ಬೆಳಿಗ್ಗೆ ಹತ್ತರ ಸುಮಾರಿಗೆ, ಭಾವ ಸಿರಿಂಜಿಗೆ ಉಪ್ಪುನೀರು ಎಳೆದುಕೊಳ್ಳುತ್ತಿದ್ದಾಗ, ಅಕ್ಕನ ಉಸಿರು ನಿಂತಿತು. ಭಾವ ಅದನ್ನು ನೋಡಿಯೂ ಸಿರಿಂಜಿನ ಗಾಳಿಗುಳ್ಳೆ ತಟ್ಟಿ ತೆಗೆದು, ನಳಿಕೆಗೆ ಜೋಡಿಸಿ, ನಿಧಾನವಾಗಿ ಪೂರ್ತಿ ಒತ್ತಿದರು. ನಾನು ತಡೆಯಲಿಲ್ಲ. ಅಕ್ಕನಿಗೆ ಐವತ್ತಮೂರು ವರ್ಷ.

ತಿಂಗಳ ಮೇಲೆ ಭಾವ ಕಪಾಟು ತೆರೆದು, ಬಳಸದೆ ಉಳಿದ ಚೀಲಗಳನ್ನು ಹೊರತೆಗೆದರು. ಹದಿನಾಲ್ಕು ಇದ್ದವು, ಸೀಲು ಒಡೆಯದವು. ಯಾರಿಗಾದರೂ ಆಗುತ್ತದೆ ಎಂದು ನನ್ನನ್ನು ಕರೆದುಕೊಂಡು ಆಸ್ಪತ್ರೆಗೆ ಹೋದರು. ಔಷಧಿ ಅಂಗಡಿಯವರು ಹೊರಗಿಂದ ತಂದದ್ದನ್ನು ತೆಗೆದುಕೊಳ್ಳುವುದಿಲ್ಲ ಎಂದರು. ಹಿಂತಿರುಗುವಾಗ ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದ ಒಬ್ಬ ಹೆಂಗಸು ನಮ್ಮ ಕೈಯ ಪೊಟ್ಟಣ ನೋಡಿ ಎದ್ದು ಬಂದಳು. ಬೆಂಚಿನ ಮೇಲೆ ಅವಳ ಗಂಡ ಮುಂಗೈ ಕೆರೆದುಕೊಳ್ಳುತ್ತ ಕೂತಿದ್ದ. ಕಣ್ಣು ಅರಿಸಿನದ ಬಣ್ಣ.

"ಇದು ಪಿತ್ತದ ಚೀಲ ಅಲ್ವಾ? ನಮಗೂ ಕೊಳವೆ ಹಾಕಿಸ್ತೀರಾ, ನೇರವಾಗಿ ಆಪರೇಷನ್ನಾ ಅಂತ ಕೇಳ್ತಿದ್ದಾರೆ. ಸಂಜೆಯೊಳಗೆ ಹೇಳ್ಬೇಕಂತೆ. ನಿಮ್ಮವರಿಗೆ ಹಾಕ್ಸಿದ್ರಾ? ಈಗ ಹೇಗಿದ್ದಾರೆ?"

ಹಾಕಿಸಬೇಡಿ ಎನ್ನಲು ಬಾಯಿ ತೆರೆದೆ. ಬೇಕಾದಷ್ಟು ಜನಕ್ಕೆ ಸರಿಹೋಗಿದೆ ಎಂದ ಡಾಕ್ಟರ ಮಾತು ನೆನಪಾಯಿತು. ಒಂದು ಸಲ ಓದಿದವಳ ಗತ್ತಿನಲ್ಲಿ ಹೇಳಿ ಆದದ್ದೂ ನೆನಪಾಯಿತು. ತೆರೆದ ಬಾಯಿ ಮುಚ್ಚಿಕೊಂಡೆ.

"ಮನೇಲಿದ್ದಾರೆ" ಎಂದರು ಭಾವ. "ಡಾಕ್ಟ್ರನ್ನ ಇನ್ನೊಂದು ಸಲ ಕೇಳಮ್ಮ. ನೀವಾಗಿದ್ರೆ ಏನು ಮಾಡ್ತಿದ್ರಿ ಅಂತ ಕೇಳು."

ಪೊಟ್ಟಣವನ್ನು ಅವಳ ಕೈಗಿಟ್ಟರು. ಜೀವನದಲ್ಲಿ ಒಂದು ಸುಳ್ಳೂ ಆಡದ ಮನುಷ್ಯನ ಬಾಯಲ್ಲಿ ಅದನ್ನು ಕೇಳಿ ನಾನು ಬೇರೆ ಕಡೆ ನೋಡಿದೆ. ಬಸ್ಸಿನಲ್ಲಿ ಅವರು ಕಿಟಕಿಯ ಪಕ್ಕ ಕೂತರು, ನಾನು ಹಿಂದಿನ ಸೀಟಿನಲ್ಲಿ. ಆ ಹೆಂಗಸು ಸಂಜೆಗೆ ಏನು ಹೇಳಿದಳೋ ನಮಗೆ ತಿಳಿಯಲಿಲ್ಲ.